ಸೈನೈಡ್ ಗುಡ್ಡದ ಕಥೆ: ಕಲ್ಲಿನಿಂದ ಚಿನ್ನ ಬೇರೆಯಾಗಿದ್ದು ಹೇಗೆ?

ಇವತ್ತಿನ ಸಂಚಿಕೆಯನ್ನ ಒಂದು ಸಿನಿಮಾ ದೃಶ್ಯದಿಂದ ಶುರು ಮಾಡೋಣ. 'ಕೆಜಿಎಫ್' ಸಿನಿಮಾ ನೋಡಿದೀರಲ್ಲ? ಅದರಲ್ಲಿ ಕಣ್ಣು ಹಾಯಿಸಿದಷ್ಟೂ ಮಣ್ಣಿನ ದಿಬ್ಬ, ಒಂದು ಮರ ಇಲ್ಲ, ಒಂದು ಹುಲ್ಲುಕಡ್ಡಿ ಇಲ್ಲ. ಅದು ಪೂರ್ತಿ ಸೆಟ್ ಅಂದ್ಕೊಂಡವರೇ ಜಾಸ್ತಿ. ಸೆಟ್ ಹಾಕಿದ್ದು ನಿಜ, ಆದ್ರೆ ಆ ದಿಬ್ಬಗಳು ನಿಜವಾಗಿಯೂ ಇವೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೋಗೋ ರೈಲು ಹತ್ತಿ ಕಿಟಕಿ ಪಕ್ಕ ಕೂತರೆ ಸಾಕು, ಬೂದು ಬಣ್ಣದ, ಮೇಲ್ಗಡೆ ಮೇಜಿನ ಹಾಗೆ ಸಪಾಟಾಗಿರೋ ಗುಡ್ಡಗಳು ಕಾಣುತ್ತವೆ. ಊರಿನವರು ಅವಕ್ಕೆ ಇಟ್ಟಿರೋ ಹೆಸರು ಸೈನೈಡ್ ಗುಡ್ಡ.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಇಷ್ಟು ದೊಡ್ಡ ಗುಡ್ಡ ಎಲ್ಲಿಂದ ಬಂತು? ಉತ್ತರ ಹುಡುಕುತ್ತಾ ಹೋದರೆ ಅದು ಆರನೇ ಕ್ಲಾಸಿನ ವಿಜ್ಞಾನ ಪುಸ್ತಕಕ್ಕೆ ಬಂದು ನಿಂತಿತು. 'ಮಿಶ್ರಣಗಳನ್ನು ಬೇರ್ಪಡಿಸುವ ವಿಧಾನಗಳು' ಅಂತ ಒಂದು ಪಾಠ ಇತ್ತಲ್ಲ, ಅದೇ. ಆರಿಸುವುದು, ತೂರುವುದು, ಜರಡಿ ಹಿಡಿಯುವುದು, ಸೋಸುವುದು, ಬಟ್ಟಿ ಇಳಿಸುವುದು. ಐದು ಅಂಕಕ್ಕೆ ಬಾಯಿಪಾಠ ಮಾಡಿ ಮರೆತಿದ್ದ ಪಾಠ. ಆ ಗುಡ್ಡ ಅಂದ್ರೆ ಆ ಪಾಠವೇ, ನೂರಿಪ್ಪತ್ತು ವರ್ಷ ಹಗಲು ರಾತ್ರಿ ನಡೆದದ್ದು.

ಮೊದಲು ಒಂದು ಸಣ್ಣ ರಿವಿಷನ್ ಮಾಡೋಣ. ಮಿಶ್ರಣ ಅಂದ್ರೆ ಎರಡು ವಸ್ತುಗಳು ಪಕ್ಕಪಕ್ಕದಲ್ಲಿ ಇರೋದು. ಅಕ್ಕಿಯಲ್ಲಿ ಕಲ್ಲು ಇದ್ದ ಹಾಗೆ. ಅಕ್ಕಿ ಅಕ್ಕಿಯಾಗೇ ಇರುತ್ತೆ, ಕಲ್ಲು ಕಲ್ಲಾಗೇ ಇರುತ್ತೆ. ಸಂಯುಕ್ತ ಹಾಗಲ್ಲ. ಅಲ್ಲಿ ಪರಮಾಣುಗಳು ಒಂದಕ್ಕೊಂದು ಗಂಟು ಹಾಕ್ಕೊಂಡು ಹೊಸದೇ ಒಂದು ವಸ್ತು ಆಗಿಬಿಡುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿದರೆ ಆ ತುಕ್ಕು ಸಂಯುಕ್ತ. ಅದನ್ನ ಅಯಸ್ಕಾಂತ ಹಿಡಿದೋ ಜರಡಿ ಆಡಿಸಿಯೋ ಮತ್ತೆ ಕಬ್ಬಿಣ ಮಾಡೋಕೆ ಆಗಲ್ಲ. ಕುಲುಮೆಯಲ್ಲಿ ರಾಸಾಯನಿಕ ಕ್ರಿಯೆಯೇ ನಡೀಬೇಕು.

ಭೂಮಿಯಲ್ಲಿ ಸಿಗೋ ಬಹುಪಾಲು ಲೋಹಗಳು ಸಂಯುಕ್ತದ ರೂಪದಲ್ಲಿ ಸಿಗುತ್ತವೆ. ಸಂಡೂರಿನ ಕಬ್ಬಿಣದ ಅದಿರು ಅಂದ್ರೆ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ. ಚಿನ್ನ ಮಾತ್ರ ಸ್ವಲ್ಪ ಜಂಬದ ಲೋಹ, ಸುಲಭಕ್ಕೆ ಯಾರ ಜೊತೆಗೂ ಸೇರಲ್ಲ. ಕೋಲಾರದ ನೆಲದಡಿ ಬಿಳಿ ಬೆಣಚುಕಲ್ಲಿನ ಪಟ್ಟಿಗಳ ಒಳಗೆ ಚಿನ್ನ ಚಿನ್ನವಾಗಿಯೇ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕಣಗಳಾಗಿ ಕೂತಿತ್ತು. ಅಂದ್ರೆ ಅದು ಮಿಶ್ರಣ. ಹಾಗಾದ್ರೆ ಬೇರ್ಪಡಿಸೋದು ಸುಲಭ ಅಲ್ವಾ ಅನ್ನಿಸುತ್ತೆ. ತೊಂದರೆ ಇರೋದು ಪ್ರಮಾಣದಲ್ಲಿ. ಕೋಲಾರ ಗಣಿಯ ಶುರುವಿನ ದಶಕಗಳಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಂಗೂ ಹೆಚ್ಚು ಚಿನ್ನ ಸಿಕ್ಕಿದ್ದುಂಟು. ಕೊನೆಕೊನೆಗೆ ಅದು 3 ಗ್ರಾಂ ಆಸುಪಾಸಿಗೆ ಇಳಿಯಿತು. ಹತ್ತು ಕ್ವಿಂಟಾಲ್ ಅಕ್ಕಿಯಲ್ಲಿ ಒಂದು ಚಿಟಿಕೆ ಏನೋ ಬಿದ್ದಿದೆ, ಅದನ್ನ ಹುಡುಕಿ ಕೊಡು ಅಂದ ಹಾಗೆ.

ಈಗ ಇತಿಹಾಸಕ್ಕೆ ಬರೋಣ. ಇದು ಬ್ರಿಟಿಷರು ಕಲಿಸಿಕೊಟ್ಟ ವಿದ್ಯೆ ಅಲ್ಲ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು 640 ಅಡಿ ಆಳದವರೆಗೆ ಪ್ರಾಚೀನ ಗಣಿ ಕೆಲಸದ ಗುರುತುಗಳು ಸಿಕ್ಕಿವೆ. ಅಲ್ಲಿ ಸಿಕ್ಕ ಹಳೆಯ ಮರದ ತುಂಡಿಗೆ ಕಾರ್ಬನ್ ಪರೀಕ್ಷೆ ಮಾಡಿದಾಗ ಬಂದ ವಯಸ್ಸು ಸುಮಾರು 2000 ವರ್ಷ. ಡೈನಮೈಟ್ ಇಲ್ಲ, ಡ್ರಿಲ್ ಇಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಟ್ಟ ಮೇಲೆ ಒಡೆಯೋದು. ಹಾಗೆ ಮಾಡ್ತಾ ಅಷ್ಟು ಆಳಕ್ಕೆ ಇಳಿದಿದ್ದರು.

ಇದೇ ಸೀಮೆಯ ಇನ್ನೊಂದು ಸಂಗತಿ ಕೇಳಿ. 1915ರಲ್ಲಿ ಬೀಡನ್ ಅನ್ನೋ ಎಂಜಿನಿಯರ್ ಒಬ್ಬರು ಮಸ್ಕಿ ಬಳಿ ಚಿನ್ನ ಹುಡುಕ್ತಾ ಬೆಟ್ಟದಲ್ಲಿ ಓಡಾಡ್ತಿದ್ದರು. ಚಿನ್ನದ ಬದಲು ಅವರಿಗೆ ಸಿಕ್ಕಿದ್ದು ಬಂಡೆಯ ಮೇಲಿನ ಬರಹ. ಅದೇ ಮಸ್ಕಿ ಶಾಸನ. 'ದೇವಾನಾಂಪ್ರಿಯ' ಅಂದ್ರೆ ಅಶೋಕನೇ ಅಂತ ಹೆಸರಿನ ಸಮೇತ ತೋರಿಸಿಕೊಟ್ಟ ಶಾಸನ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ ಅಶೋಕನ ದಕ್ಷಿಣದ ಆಡಳಿತ ಕೇಂದ್ರದ ಹೆಸರು ಬರುತ್ತೆ. ಏನು ಗೊತ್ತಾ ಆ ಹೆಸರು? ಸುವರ್ಣಗಿರಿ. ಮೌರ್ಯರು ಅಷ್ಟು ದೂರದ ಪಾಟಲಿಪುತ್ರದಿಂದ ಇಲ್ಲಿಗೆ ಯಾಕೆ ಬಂದರು ಅನ್ನೋದಕ್ಕೆ ಹಲವು ಇತಿಹಾಸಕಾರರು ಬೊಟ್ಟು ಮಾಡೋದು ಈ ಚಿನ್ನದ ಕಡೆಗೇ.

ಸರಿ, ಆಗಿನವರು ಬೇರ್ಪಡಿಸ್ತಿದ್ದಿದ್ದು ಹೇಗೆ? ಕಲ್ಲನ್ನ ಕುಟ್ಟಿ ಪುಡಿ ಮಾಡಿ ನೀರಲ್ಲಿ ತೊಳೆಯೋದು. ಹಿಂದೆ ಅಜ್ಜಿ ಅಕ್ಕಿಯಿಂದ ಕಲ್ಲು ತೆಗೆಯೋಕೆ ಏನು ಮಾಡ್ತಿದ್ದರು ನೆನಪಿದೆಯಾ? ಪಾತ್ರೆಗೆ ನೀರು ಹಾಕಿ, ಒಂದು ಲಯದಲ್ಲಿ ತಿರುಗಿಸ್ತಾ ತಿರುಗಿಸ್ತಾ ಅಕ್ಕಿಯನ್ನ ಮೇಲೆ ತೇಲಿಸಿ ಇನ್ನೊಂದು ಪಾತ್ರೆಗೆ ಬಗ್ಗಿಸ್ತಿದ್ದರು. ಕಲ್ಲು ತಳದಲ್ಲಿ ಉಳೀತಿತ್ತು. ಅಕ್ಕಿ ಗಾಳಿಸೋದು ಅಂತೀವಿ, ಕೆಲವು ಕಡೆ ಜಾಲಿಸೋದು ಅಂತಾರೆ. ಚಿನ್ನ ತೊಳೆಯೋದು ಇದೇ ವಿದ್ಯೆ. ಬೆಣಚುಕಲ್ಲು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಚಿನ್ನ 19 ಪಟ್ಟು ಭಾರ. ಹಾಗಾಗಿ ಮರದ ತಟ್ಟೆ ಅಲ್ಲಾಡಿಸಿದಾಗ ಕಲ್ಲಿನ ಪುಡಿ ನೀರಿನ ಜೊತೆ ಹರಿದು ಹೋಗುತ್ತೆ, ಚಿನ್ನ ತಳ ಕಚ್ಚಿಕೊಳ್ಳುತ್ತೆ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹೀಗೆ ಮರಳು ತೊಳೆದು ಚಿನ್ನ ತೆಗೆಯೋ ಜನರಿಗೆ ಜಲಗಾರರು ಅನ್ನೋ ಹೆಸರಿತ್ತು. 1870ರ ದಶಕದಲ್ಲಿ ಅಲ್ಲಿ ಓಡಾಡಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಬಗ್ಗೆ ಬರೆದಿದ್ದಾರೆ.

ಕೋಲಾರದ ಕಥೆ ಶುರುವಾಗೋದೂ ಹೀಗೇ. 1799ರಲ್ಲಿ ಟಿಪ್ಪು ಸುಲ್ತಾನ್ ತೀರಿಕೊಂಡ ಮೇಲೆ ಮೈಸೂರಿನ ಗಡಿ ಅಳೆಯೋ ಕೆಲಸ ನಡೀತಿತ್ತು. 1802ರಲ್ಲಿ ಆ ಕೆಲಸದ ಮೇಲೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಅನ್ನೋ ಅಧಿಕಾರಿಯ ಕಿವಿಗೆ ಇಲ್ಲಿನ ಮಣ್ಣಲ್ಲಿ ಚಿನ್ನ ಇದೆ ಅನ್ನೋ ಸುದ್ದಿ ಬಿತ್ತು. ತೋರಿಸಿಕೊಟ್ಟವರಿಗೆ ಬಹುಮಾನ ಕೊಡ್ತೀನಿ ಅಂದಾಗ ಹಳ್ಳಿಯವರು ಮಣ್ಣು ತಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂನಲ್ಲಿ ಅವನು ಇನ್ನೂ ಒಂದು ನೋಟ ನೋಡಿದ. ಗಂಡಸರು ಗುಂಡಿಗಿಳಿದು ಕಲ್ಲು ಕಿತ್ತು ಬುಟ್ಟಿಗಳಲ್ಲಿ ಮೇಲೆ ದಾಟಿಸ್ತಿದ್ದರು. ಮೇಲೆ ಹೆಂಗಸರು ಆ ಕಲ್ಲನ್ನ ಕುಟ್ಟಿ ಪುಡಿ ಮಾಡಿ ತೊಳೀತಿದ್ದರು.

ಇದನ್ನ ಓದಿದಾಗ ನನಗೆ ಇನ್ನೊಂದು ಬರಹ ನೆನಪಾಯ್ತು. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಅಗಾಥರ್ಕಿಡಿಸ್ ಅನ್ನೋ ಗ್ರೀಕ್ ಲೇಖಕ ಈಜಿಪ್ಟಿನ ದಕ್ಷಿಣಕ್ಕಿದ್ದ ಚಿನ್ನದ ಗಣಿಗಳನ್ನ ವರ್ಣಿಸಿದ್ದಾನೆ. ಅಲ್ಲಿ ಕೈದಿಗಳು ಬಂಡೆ ಒಡೀತಿದ್ದರು, ಮಕ್ಕಳು ಸುರಂಗದೊಳಗಿಂದ ಕಲ್ಲು ಹೊತ್ತು ತರ್ತಿದ್ದರು, ಹೆಂಗಸರು ಬೀಸುಕಲ್ಲಿನ ಥರದ ಯಂತ್ರದಲ್ಲಿ ಅದನ್ನ ಹಿಟ್ಟು ಮಾಡ್ತಿದ್ದರು. ಕೊನೆಗೆ ಇಳಿಜಾರು ಹಲಗೆಯ ಮೇಲೆ ನೀರು ಬಿಟ್ಟು ತೊಳೆಯೋದು. ಕೆಲಸ ಮಾಡೋರ ಸ್ಥಿತಿ ನೋಡಿ ಮರುಕದಿಂದಲೇ ಬರೆದಿದ್ದಾನೆ ಅವನು. ನೋಡಿ, ದೇಶ ಬೇರೆ, ಕಾಲ ಬೇರೆ, ಕೆಲಸ ಮಾತ್ರ ಒಂದೇ.

ತೊಳೆದು ತೆಗೆದ ಚಿನ್ನವೂ ಪೂರ್ತಿ ಶುದ್ಧ ಅಲ್ಲ. ಅದರಲ್ಲಿ ಬೆಳ್ಳಿ, ತಾಮ್ರ ಬೆರೆತಿರುತ್ತೆ. ಇದೂ ಮಿಶ್ರಣವೇ, ಆದ್ರೆ ಉಪ್ಪು ನೀರಲ್ಲಿ ಕರಗಿದ ಹಾಗೆ ಒಂದರೊಳಗೊಂದು ಕರಗಿ ಹೋಗಿರೋ ಮಿಶ್ರಣ. ತೊಳೆದರೆ ಹೋಗಲ್ಲ. ಇಲ್ಲಿ ಬೇಕಾಗೋದು ಬೆಂಕಿ. ನಾವು 'ಪುಟವಿಟ್ಟ ಚಿನ್ನ' ಅಂತೀವಲ್ಲ, ಆ ಮಾತಿನ ಹಿಂದೆ ಇರೋದು ನಿಜವಾದ ಕೆಲಸ. ಚಿನ್ನವನ್ನ ಸೀಸದ ಜೊತೆ ಕರಗಿಸಿ ಗಾಳಿಯಲ್ಲಿ ಕಾಯಿಸಿದರೆ ಸೀಸ ಆಮ್ಲಜನಕದ ಜೊತೆ ಸೇರುತ್ತೆ, ತಾಮ್ರದಂಥ ಕಲಬೆರಕೆಯನ್ನೂ ತನ್ನ ಜೊತೆ ಎಳ್ಕೊಂಡು ಹೋಗುತ್ತೆ. ಬೆಳ್ಳಿ ಮಾತ್ರ ಇನ್ನೂ ಉಳಿಯುತ್ತೆ. ಅದನ್ನ ತೆಗೆಯೋಕೆ ಉಪ್ಪು ಹಾಕಿ ದಿನಗಟ್ಟಲೆ ಕಾಯಿಸ್ತಿದ್ದರು. ಬೆಳ್ಳಿ ಉಪ್ಪಿನಲ್ಲಿರೋ ಕ್ಲೋರಿನ್ ಜೊತೆ ಸೇರಿ ಸಂಯುಕ್ತವಾಗಿ ಹೊರಗೆ ಹೋಗುತ್ತೆ. ಈಗಿನ ಟರ್ಕಿಯಲ್ಲಿರೋ ಸಾರ್ಡಿಸ್ ಅನ್ನೋ ಊರಲ್ಲಿ ಕ್ರಿಸ್ತಪೂರ್ವ ಆರನೇ ಶತಮಾನದ ಇಂಥ ಕಾರ್ಖಾನೆಯೇ ಉತ್ಖನನದಲ್ಲಿ ಸಿಕ್ಕಿದೆ. ನಮ್ಮ ಅರ್ಥಶಾಸ್ತ್ರದಲ್ಲೂ ಸೀಸ ಬಳಸಿ ಚಿನ್ನ ಶುದ್ಧಿ ಮಾಡೋ ವಿಚಾರ ಬರುತ್ತೆ. ಇಲ್ಲಿರೋ ಜಾಣತನ ಗಮನಿಸಿ. ಚಿನ್ನ ಯಾರ ಜೊತೆಗೂ ಸೇರಲ್ಲ ತಾನೇ? ಹಾಗಿದ್ರೆ ಉಳಿದವರನ್ನೆಲ್ಲ ಬೇರೆ ಯಾರ ಜೊತೆಗಾದ್ರೂ ಸೇರಿಸಿ ಕಳಿಸಿಬಿಡೋಣ. ಒಂಟಿಯಾಗಿ ಉಳಿದದ್ದೇ ಚಿನ್ನ.

ಮತ್ತೆ ಕೋಲಾರಕ್ಕೆ ಬರ್ತೀನಿ. ಬೆಂಗಳೂರಲ್ಲಿ ಲ್ಯಾವೆಲ್ ರೋಡ್ ಗೊತ್ತಲ್ಲ? ಆ ಹೆಸರು ಬಂದಿದ್ದು ಮೈಕೆಲ್ ಲ್ಯಾವೆಲ್ ಅನ್ನೋ ಐರಿಷ್ ಮಾಜಿ ಸೈನಿಕನಿಂದ. ವಾರೆನ್‌ನ ಹಳೇ ವರದಿ ಓದಿ, ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೋದವನು. 1873ರಲ್ಲಿ ಗಣಿಗಾರಿಕೆಗೆ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಅವನ ಕೈಯಲ್ಲಿ ಬೇಕಾದಷ್ಟು ದುಡ್ಡಿರಲಿಲ್ಲ, ಹಕ್ಕನ್ನ ಬೇರೆಯವರಿಗೆ ಬಿಟ್ಟುಕೊಟ್ಟ. 1880ರ ಹೊತ್ತಿಗೆ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಬ್ರಿಟಿಷ್ ಕಂಪನಿ ಬಂತು. ಕೆಲವೇ ವರ್ಷದಲ್ಲಿ ಚಾಂಪಿಯನ್ ರೀಫ್ ಅನ್ನೋ ಭಾರೀ ಚಿನ್ನದ ಪಟ್ಟಿ ಅವರ ಕೈಗೆ ಸಿಕ್ಕಿತು.

ಈಗ ತೊಳೆಯೋ ಜಾಗಕ್ಕೆ ಯಂತ್ರ ಬಂತು. ಒನಕೆಯ ಥರದ ಕಬ್ಬಿಣದ ದೊಡ್ಡ ದೊಡ್ಡ ಕಂಬಗಳು ಎದ್ದು ಬಿದ್ದು ಕಲ್ಲನ್ನ ಹಿಟ್ಟು ಮಾಡ್ತಿದ್ದವು. ಆ ಹಿಟ್ಟನ್ನ ನೀರಲ್ಲಿ ಕಲಸಿ, ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸೋರು. ಪಾದರಸಕ್ಕೆ ಚಿನ್ನ ಕಂಡರೆ ಬಲು ಪ್ರೀತಿ. ಕಲ್ಲಿನ ಪುಡಿ ಹರಿದು ಹೋಗುತ್ತೆ, ಚಿನ್ನ ಪಾದರಸಕ್ಕೆ ಅಂಟ್ಕೊಂಡು ಬೆಣ್ಣೆಯಂಥ ಒಂದು ಮುದ್ದೆ ಆಗುತ್ತೆ. ಆ ಮುದ್ದೆಯನ್ನ ಕೆರೆದು ತೆಗೆದು, ಮುಚ್ಚಿದ ಪಾತ್ರೆಯಲ್ಲಿಟ್ಟು ಕಾಯಿಸ್ತಾರೆ. ಪಾದರಸ 357 ಡಿಗ್ರಿ ಸೆಲ್ಸಿಯಸ್‌ಗೆ ಕುದ್ದು ಆವಿಯಾಗುತ್ತೆ. ಚಿನ್ನ ಕರಗೋಕೇ 1064 ಡಿಗ್ರಿ ಬೇಕು. ಆವಿಯನ್ನ ಕೊಳವೆಯಲ್ಲಿ ತಣ್ಣಗೆ ಮಾಡಿದರೆ ಪಾದರಸ ವಾಪಸ್ ಸಿಗುತ್ತೆ, ಪಾತ್ರೆಯಲ್ಲಿ ಚಿನ್ನ ಉಳಿಯುತ್ತೆ. ಇದೇ ಸ್ವಾಮಿ ನಿಮ್ಮ ಪಾಠದ ಬಟ್ಟಿ ಇಳಿಸುವಿಕೆ.

ಪುಸ್ತಕದಲ್ಲಿ ಪಾದರಸ ಪೂರ್ತಿ ವಾಪಸ್ ಬರುತ್ತೆ. ಕಾರ್ಖಾನೆಯಲ್ಲಿ ಬರಲ್ಲ. ಸ್ವಲ್ಪ ನೀರಿಗೆ ಹೋಗುತ್ತೆ, ಸ್ವಲ್ಪ ಉಸಿರಿಗೆ ಹೋಗುತ್ತೆ. ಪಾದರಸದ ಆವಿ ನರಮಂಡಲವನ್ನ ಹಾಳು ಮಾಡೋ ವಿಷ. ಇದು ಹಳೇ ಕಾಲದ ಮಾತು ಅಂದ್ಕೋಬೇಡಿ. ಇವತ್ತಿಗೂ ಆಫ್ರಿಕಾ, ದಕ್ಷಿಣ ಅಮೆರಿಕ, ಆಗ್ನೇಯ ಏಷ್ಯಾದಲ್ಲಿ ಸಣ್ಣ ಪ್ರಮಾಣದಲ್ಲಿ ಚಿನ್ನ ತೆಗೆಯೋ ಲಕ್ಷಾಂತರ ಜನ ಇದೇ ವಿಧಾನ ಬಳಸ್ತಾರೆ. ಎಷ್ಟೋ ಸಲ ಮುಚ್ಚಳ ಇಲ್ಲದ ಬಾಣಲೆಯಲ್ಲಿ, ಅಡುಗೆ ಒಲೆಯ ಮೇಲೇ ಕಾಯಿಸ್ತಾರೆ. ಮನುಷ್ಯರಿಂದ ಗಾಳಿಗೆ ಸೇರೋ ಪಾದರಸದಲ್ಲಿ ಅತಿ ದೊಡ್ಡ ಪಾಲು ಬರೋದು ಇಲ್ಲಿಂದಲೇ. 2013ರಲ್ಲಿ ದೇಶಗಳೆಲ್ಲ ಸೇರಿ ಮಿನಮಾಟ ಒಪ್ಪಂದ ಮಾಡ್ಕೊಂಡಾಗ ಚಿನ್ನದ ಈ ಗಣಿಗಾರಿಕೆಗೇ ಅಂತ ಅದರಲ್ಲಿ ಒಂದು ಪ್ರತ್ಯೇಕ ವಿಧಿ ಇಟ್ಟರು.

ಪಾದರಸಕ್ಕೂ ಸಿಗದೆ ತಪ್ಪಿಸಿಕೊಳ್ಳೋ ಚಿನ್ನ ಇತ್ತು. ತೀರಾ ಸಣ್ಣ ಕಣ, ಕಲ್ಲಿನ ಪುಡಿಯೊಳಗೆ ಅಡಗಿದ ಕಣ. ಅದು ಹಿಟ್ಟಿನ ಜೊತೆ ಹೊರಗೆ ಹೋಗಿ ರಾಶಿ ಬೀಳ್ತಿತ್ತು. ಕಣ್ಣೆದುರೇ ಚಿನ್ನ ಕಸಕ್ಕೆ ಹೋಗೋದು ಯಾವ ಕಂಪನಿಗೆ ತಾನೇ ಸಹನೆಯಾಗುತ್ತೆ? ಅದಕ್ಕೆ ಉತ್ತರ ಬಂದಿದ್ದು ಗಣಿಯಿಂದಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ. ಜಾನ್ ಸ್ಟೂವರ್ಟ್ ಮ್ಯಾಕ್ ಆರ್ಥರ್ ಅನ್ನೋ ರಸಾಯನ ತಜ್ಞ, ಜೊತೆಗೆ ರಾಬರ್ಟ್ ಮತ್ತು ವಿಲಿಯಂ ಫಾರೆಸ್ಟ್ ಅನ್ನೋ ಇಬ್ಬರು ಡಾಕ್ಟರ್ ಸಹೋದರರು. ಚಿನ್ನ ಸೈನೈಡ್ ದ್ರಾವಣದಲ್ಲಿ ಕರಗುತ್ತೆ ಅನ್ನೋದು ಹೊಸ ಸಂಗತಿ ಆಗಿರಲಿಲ್ಲ. ಸ್ವೀಡನ್ನಿನ ಷೀಲೆ 1783ರಲ್ಲೇ ಅದನ್ನ ಗಮನಿಸಿದ್ದ. ಹಾಗಂತ ಅದನ್ನ ಟನ್‌ಗಟ್ಟಲೆ ಕಲ್ಲಿನ ಮೇಲೆ ಪ್ರಯೋಗ ಮಾಡಿ ಲಾಭಕ್ಕೆ ತಂದವರು ಯಾರೂ ಇರಲಿಲ್ಲ.

ಇಲ್ಲೊಂದು ಸ್ವಾರಸ್ಯ ಇದೆ. 1886ರಲ್ಲೇ ಮ್ಯಾಕ್ ಆರ್ಥರ್ ಸೈನೈಡ್ ಪ್ರಯತ್ನಿಸಿದ್ದರು. ಚಿನ್ನ ಕರಗಿದೆಯಾ ಅಂತ ನೋಡೋಕೆ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಟ್ಟರು. ಬೇರೆ ದ್ರಾವಣಗಳಲ್ಲಾದರೆ ಚಿನ್ನ ಕೆಳಗೆ ಕೂರುತ್ತೆ. ಇಲ್ಲಿ ಏನೂ ಕೂರಲಿಲ್ಲ. ಓ, ಇದು ಕೆಲಸ ಮಾಡಲ್ಲ ಅಂತ ಬಿಟ್ಟುಬಿಟ್ಟರು. ಮರುವರ್ಷ ಬೇರೆ ಥರ ಯೋಚಿಸಿದರು. ದ್ರಾವಣದಲ್ಲಿ ಏನು ಬಂತು ಅಂತ ನೋಡೋ ಬದಲು, ಉಳಿದ ಕಲ್ಲಿನ ಪುಡಿಯಲ್ಲಿ ಎಷ್ಟು ಚಿನ್ನ ಉಳಿದಿದೆ ಅಂತ ಪರೀಕ್ಷೆ ಮಾಡಿದರು. ಕಲ್ಲಲ್ಲಿ ಚಿನ್ನ ಇರಲಿಲ್ಲ! ಅಂದ್ರೆ ಅದು ದ್ರಾವಣಕ್ಕೆ ಬಂದಿತ್ತು. ಸೈನೈಡ್ ಅದನ್ನ ಎಷ್ಟು ಗಟ್ಟಿಯಾಗಿ ಹಿಡಿದಿತ್ತು ಅಂದ್ರೆ ಹೈಡ್ರೋಜನ್ ಸಲ್ಫೈಡ್‌ಗೂ ಬಿಟ್ಟುಕೊಟ್ಟಿರಲಿಲ್ಲ. 1887ರಲ್ಲಿ ಪೇಟೆಂಟ್ ತಗೊಂಡರು. 1890ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಗಣಿಗಳಿಗೆ ಹೋಯಿತು, 1890ರ ದಶಕದಲ್ಲೇ ಕೋಲಾರಕ್ಕೂ ಬಂತು.

ಇದು ಕೆಲಸ ಮಾಡೋ ರೀತಿ ಹೀಗೆ. ಸೋಡಿಯಂ ಸೈನೈಡನ್ನ ನೀರಲ್ಲಿ ಬಹಳ ತೆಳ್ಳಗೆ ಕರಗಿಸಿ, ಸುಣ್ಣ ಹಾಕಿ, ಕಲ್ಲಿನ ಪುಡಿಗೆ ಬಿಡ್ತಾರೆ. ಗಾಳಿಯ ಆಮ್ಲಜನಕವೂ ಬೇಕು. ಆಗ ಚಿನ್ನ, ಅದೇ ಯಾರ ಜೊತೆಗೂ ಸೇರದ ಚಿನ್ನ, ಸೈನೈಡಿನ ಜೊತೆ ಸೇರಿ ನೀರಲ್ಲಿ ಕರಗೋ ಸಂಯುಕ್ತ ಆಗುತ್ತೆ. ಹೊಳಪು ಇಲ್ಲ, ಹಳದಿ ಇಲ್ಲ, ನೋಡೋಕೆ ಬರೀ ನೀರು. ಸೋಸಿದರೆ ಕಲ್ಲಿನ ಪುಡಿ ಈಚೆ, ಚಿನ್ನದ ನೀರು ಆಚೆ. ಆಮೇಲೆ ಆ ನೀರಿಗೆ ಸತುವನ್ನ ಹಾಕ್ತಾರೆ. ಸತುವು ತಾನು ಹೋಗಿ ಸೈನೈಡಿನ ಜೊತೆ ಕೂತು ಚಿನ್ನವನ್ನ ಎಬ್ಬಿಸಿ ಹೊರಗೆ ಹಾಕುತ್ತೆ. ಬಸ್ಸಲ್ಲಿ ಸೀಟು ಕಿತ್ಕೊಂಡ ಹಾಗೆ. ಪಾಠದಲ್ಲಿ ಇದಕ್ಕೆ ಸ್ಥಾನಪಲ್ಲಟ ಕ್ರಿಯೆ ಅಂತಾರೆ. ಕಪ್ಪು ಕೆಸರಿನ ಹಾಗೆ ಚಿನ್ನ ಕೆಳಗೆ ಕೂರುತ್ತೆ. ಅದನ್ನ ಬೊರಾಕ್ಸ್ ಹಾಕಿ ಕರಗಿಸಿ ಗಟ್ಟಿ ಎರಕ ಹೊಯ್ಯೋದು.

ಸುಣ್ಣ ಯಾಕೆ ಅಂತ ಕೇಳಿದ್ರಾ? ದ್ರಾವಣ ಸ್ವಲ್ಪ ಹುಳಿಯಾದರೂ, ಅಂದ್ರೆ ಆಮ್ಲೀಯವಾದರೂ, ಅದರಿಂದ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತೆ. ನಮ್ಮ ಜೀವಕೋಶಗಳು ಆಮ್ಲಜನಕ ಬಳಸೋದನ್ನೇ ಅದು ನಿಲ್ಲಿಸಿಬಿಡುತ್ತೆ. ರಕ್ತದಲ್ಲಿ ಆಮ್ಲಜನಕ ಇದ್ದೂ ಮನುಷ್ಯ ಉಸಿರುಗಟ್ಟಿ ಸಾಯ್ತಾನೆ. ಅಷ್ಟು ಅಪಾಯದ ವಸ್ತುವಿನ ಜೊತೆ ದಿನಾ ಕೆಲಸ.

ಚಿನ್ನ ಹೀಗೆ ಮಾಯವಾಗಿ ಮತ್ತೆ ಬರುತ್ತೆ ಅನ್ನೋದಕ್ಕೆ ಒಂದು ಒಳ್ಳೆ ಕಥೆ ಇದೆ, ಚಿಕ್ಕದಾಗಿ ಹೇಳ್ತೀನಿ. 1940ರಲ್ಲಿ ನಾಜಿ ಸೈನ್ಯ ಡೆನ್ಮಾರ್ಕ್‌ಗೆ ನುಗ್ಗಿದಾಗ, ಕೋಪನ್‌ಹೇಗನ್‌ನ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಇಬ್ಬರು ಜರ್ಮನ್ ವಿಜ್ಞಾನಿಗಳ ನೊಬೆಲ್ ಪದಕಗಳಿದ್ದವು. ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಅವರದ್ದು. ಸಿಕ್ಕರೆ ಲಾವೆ ಅವರಿಗೆ ಅಪಾಯ. ಜಾರ್ಜ್ ಡಿ ಹೆವೆಸಿ ಅನ್ನೋ ವಿಜ್ಞಾನಿ ಎರಡನ್ನೂ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಮಿಶ್ರಣದಲ್ಲಿ ಕರಗಿಸಿ, ಆ ಜಾಡಿಯನ್ನ ಕಪಾಟಲ್ಲಿಟ್ಟು ಬಂದರು. ಸೈನಿಕರು ಅದನ್ನ ಮುಟ್ಟಲೂ ಇಲ್ಲ. ಯುದ್ಧ ಮುಗಿದ ಮೇಲೆ ಜಾಡಿ ಅಲ್ಲೇ ಇತ್ತು. ಚಿನ್ನ ಬೇರ್ಪಡಿಸಿ ಸ್ವೀಡನ್‌ಗೆ ಕಳಿಸಿದರು, ಪದಕ ಮತ್ತೆ ಎರಕ ಹೊಯ್ದು ಕೊಟ್ಟರು. ಚಿನ್ನ ಸಂಯುಕ್ತವಾದರೂ ಕಳೆದುಹೋಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕೋಲಾರದಲ್ಲಿ ಕೆಲಸ ಜೋರಾಯಿತು. 1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು. ಸುಮಾರು 147 ಕಿಲೋಮೀಟರ್ ತಂತಿ, ಆಗಿನ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಮಾರ್ಗಗಳಲ್ಲಿ ಒಂದು. ಬೆಂಗಳೂರಿಗೆ ಕರೆಂಟ್ ಬಂದಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಕಲ್ಲು ಕುಟ್ಟೋ ಯಂತ್ರಗಳು ನಿಲ್ಲದೆ ಓಡಿದವು. ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಹೋಯಿತು. ನೂರಿಪ್ಪತ್ತು ವರ್ಷದಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್.

ಈಗ ಲೆಕ್ಕದ ಇನ್ನೊಂದು ಕಡೆ ನೋಡೋಣ. ಟನ್‌ಗಟ್ಟಲೆ ಕಲ್ಲಲ್ಲಿ ಗ್ರಾಂಗಳಷ್ಟು ಚಿನ್ನ ಅಂದ್ರೆ, ಉಳಿದದ್ದೆಲ್ಲ ಎಲ್ಲಿಗೆ ಹೋಯ್ತು? ಚಿನ್ನ ಲಂಡನ್‌ಗೆ ಹೋಯಿತು, ಆಮೇಲೆ ದೆಹಲಿಗೆ ಹೋಯಿತು. ಹಿಟ್ಟಾದ ಕಲ್ಲು ಇಲ್ಲೇ ಉಳಿಯಿತು. 3 ಕೋಟಿ ಟನ್‌ಗೂ ಹೆಚ್ಚು. ಅದೇ ಸೈನೈಡ್ ಗುಡ್ಡಗಳು. ಹೆಸರು ಸೈನೈಡ್ ಅಂತಿದ್ದರೂ, ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮದಲ್ಲಿ ಒಡೆದು ಹೋಗೋ ವಸ್ತು. ಗುಡ್ಡದಲ್ಲಿ ಬಹುಪಾಲು ಇರೋದು ಮುಖಕ್ಕೆ ಹಚ್ಚೋ ಪೌಡರ್‌ನಷ್ಟು ನಯವಾದ ಬೆಣಚುಕಲ್ಲಿನ ಪುಡಿ. ಜೋರು ಗಾಳಿ ಬೀಸಿದರೆ ಎದ್ದು ಊರ ಮೇಲೆ ಬರುತ್ತೆ. ಒಗೆದು ಹರವಿದ ಬಟ್ಟೆ ಮೇಲೆ, ಮುಚ್ಚದೆ ಇಟ್ಟ ಅನ್ನದ ಮೇಲೆ, ಮಕ್ಕಳ ಮೂಗಿನೊಳಗೆ.

ಈ ಪುಡಿ ಎಂಥದ್ದು ಅಂತ ಗಣಿಯ ಒಳಗೆ ಇಳಿದವರಿಗೆ ಬಹಳ ಮೊದಲೇ ಗೊತ್ತಾಗಿತ್ತು. ಬೆಣಚುಕಲ್ಲಿನ ಸಣ್ಣ ದೂಳು ಶ್ವಾಸಕೋಶಕ್ಕೆ ಹೋದರೆ ಅಲ್ಲಿಂದ ಅದನ್ನ ಬೇರ್ಪಡಿಸೋ ಯಾವ ವಿಧಾನವೂ ಇಲ್ಲ. ಸೋಸೋಕಾಗಲ್ಲ, ತೊಳೆಯೋಕಾಗಲ್ಲ, ಕರಗಿಸೋಕಾಗಲ್ಲ. ಅದರ ಸುತ್ತ ಶ್ವಾಸಕೋಶ ಗಾಯದ ಗಂಟು ಕಟ್ಟುತ್ತಾ, ಗಟ್ಟಿಯಾಗುತ್ತಾ ಹೋಗುತ್ತೆ. ಅದೇ ಸಿಲಿಕೋಸಿಸ್. 1940ರಲ್ಲಿ ಮೈಸೂರು ಸಂಸ್ಥಾನ ಈ ರೋಗಕ್ಕೆ ಪರಿಹಾರ ಕೊಡೋ ನಿಯಮ ತಂದಿತು. ಆ ದಶಕದಲ್ಲಿ ಗಣಿಯ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನ ಪರೀಕ್ಷೆ ಮಾಡಿದಾಗ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಲಕ್ಷಣ ಕಂಡಿತ್ತು. ನೂರರಲ್ಲಿ ನಲವತ್ತು! ಅವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ, ಆಂಧ್ರದ ಗಡಿಯಿಂದ, ಬರ ಮತ್ತು ಜಾತಿಯ ಕಾಟ ಎರಡರಿಂದಲೂ ತಪ್ಪಿಸಿಕೊಂಡು ಬಂದ ದಲಿತ ಕುಟುಂಬಗಳವರು. ಚಿನ್ನ ಮೇಲೆ ಬಂತು, ದೂಳು ಅವರ ಎದೆಯೊಳಗೆ ಉಳಿಯಿತು. ಶಾಲೆಯ ಪಾಠದಲ್ಲಿ ಬರೀತೀವಲ್ಲ, 'ಶೇಷ' ಅಂತ, ಸೋಸಿದ ಮೇಲೆ ಕಾಗದದ ಮೇಲೆ ಉಳಿಯೋದು. ಕೆಜಿಎಫ್ ನೋಡಿದ ಮೇಲೆ ಆ ಪದವನ್ನ ನಾನು ಮೊದಲಿನ ಹಾಗೆ ಓದೋಕೆ ಆಗಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಳ ಹೆಚ್ಚಿತ್ತು, ಚಿನ್ನ ಕಡಿಮೆಯಾಗಿತ್ತು, ಖರ್ಚು ಗಿಟ್ಟುತ್ತಿರಲಿಲ್ಲ. ಸಾವಿರಾರು ಜನ ಒಂದೇ ದಿನ ಕೆಲಸ ಕಳ್ಕೊಂಡರು. ಇವತ್ತು ಬೆಳಗಿನ ಜಾವ ಕೆಜಿಎಫ್‌ನಿಂದ ಬೆಂಗಳೂರಿಗೆ ಬರೋ ರೈಲುಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ. ಗಣಿಯವರ ಮಕ್ಕಳು, ಮೊಮ್ಮಕ್ಕಳು ದಿನಾ ಇಲ್ಲಿಗೆ ಬಂದು ದುಡಿದು ವಾಪಸ್ ಹೋಗ್ತಾರೆ. ನಿಮ್ಮಲ್ಲೇ ಕೆಲವರು ಅದೇ ರೈಲಲ್ಲಿ ಕೂತು ಇದನ್ನ ಕೇಳ್ತಿರಬಹುದು.

ಆದ್ರೆ ಕಥೆ ಅಲ್ಲಿಗೆ ಮುಗಿದಿಲ್ಲ. ಆ ಗುಡ್ಡಗಳಲ್ಲಿ ಇನ್ನೂ ಚಿನ್ನ ಇದೆ. ಒಂದು ಟನ್‌ಗೆ ಒಂದು ಗ್ರಾಂಗಿಂತಲೂ ಕಡಿಮೆ. ಹಳೇ ವಿಧಾನಕ್ಕೆ ಸಿಗದೆ ಉಳಿದದ್ದು. ಚಿನ್ನದ ಬೆಲೆ ಈಗ ಏರಿರೋದರಿಂದ, ಕಲ್ಲು ಅಗೆಯೋ ಕುಟ್ಟೋ ಖರ್ಚು ಇಲ್ಲದಿರೋದರಿಂದ, ಅದನ್ನೂ ತೆಗೆಯಬಹುದು ಅನ್ನೋ ಲೆಕ್ಕಾಚಾರ ನಡೀತಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಗುಡ್ಡಗಳಲ್ಲಿ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಕೆಲಸ ಸಿಗಬಹುದು ಅನ್ನೋ ಆಸೆ ಊರಲ್ಲಿದೆ. ಗುಡ್ಡ ಕೆದಕಿದರೆ ದೂಳು ಏನಾಗುತ್ತೆ, ಮತ್ತೆ ಬಳಸೋ ಸೈನೈಡ್ ನೀರು ಎಲ್ಲಿಗೆ ಹೋಗುತ್ತೆ ಅನ್ನೋ ಭಯವೂ ಇದೆ. ಎರಡೂ ನ್ಯಾಯವೇ. ಈ ಸಲ ಚಿನ್ನ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕೋ ಮೊದಲು, ಉಳಿಯೋದನ್ನ ಎಲ್ಲಿಡ್ತೀರಿ ಅಂತ ಕೇಳೋ ಹಕ್ಕು ಆ ಊರಿಗಿದೆ. ಗ್ಲಾಸ್ಗೋದ ಆ ಮೂವರಿಗೂ ಉತ್ತರ ಸಿಕ್ಕಿದ್ದು ಉಳಿದ ಪುಡಿಯನ್ನ ಪರೀಕ್ಷೆ ಮಾಡಿದಾಗಲೇ ಅಲ್ವಾ?

ಕೊನೆಯದಾಗಿ ನಿಮ್ಮ ಕೈಯಲ್ಲಿರೋ ಫೋನ್. ಅದರ ಸರ್ಕ್ಯೂಟ್ ಬೋರ್ಡ್‌ನಲ್ಲಿ, ಸಿಮ್ ತಾಗೋ ಜಾಗದಲ್ಲಿ ತೆಳು ಚಿನ್ನದ ಲೇಪ ಇರುತ್ತೆ. ಒಂದು ಫೋನಲ್ಲಿ ಗ್ರಾಂನ ನೂರನೇ ಕೆಲವು ಭಾಗದಷ್ಟು ಮಾತ್ರ. ಆದ್ರೆ ಒಂದು ಟನ್ ಹಳೇ ಫೋನ್ ಗುಡ್ಡೆ ಹಾಕಿದರೆ ಅದರಲ್ಲಿ ನೂರು ಗ್ರಾಂಗೂ ಹೆಚ್ಚು ಚಿನ್ನ ಇರುತ್ತೆ. ಕೋಲಾರದ ಕಲ್ಲು ತನ್ನ ಒಳ್ಳೇ ದಿನಗಳಲ್ಲೂ ಅಷ್ಟು ಕೊಟ್ಟಿದ್ದು ಅಪರೂಪ. ಅದನ್ನ ಬೇರ್ಪಡಿಸೋ ಒಳ್ಳೆಯ ಕಾರ್ಖಾನೆಗಳಿವೆ. ಕೈಗವಸೂ ಇಲ್ಲದೆ ಬಕೆಟ್ ಆಮ್ಲದಲ್ಲಿ ಬೋರ್ಡ್ ಅದ್ದಿ, ವೈರ್ ಸುಟ್ಟು ಲೋಹ ತೆಗೆಯೋ ಕತ್ತಲೆ ಕೋಣೆಗಳೂ ನಮ್ಮ ನಗರಗಳಲ್ಲಿವೆ. ಅಲ್ಲೂ ಕೆಲಸ ಮಾಡೋದು ಬೇರೆ ದಾರಿ ಇಲ್ಲದವರೇ. ನಿಮ್ಮ ಹಳೇ ಫೋನ್ ಯಾವ ಕಡೆ ಹೋಗಬೇಕು ಅನ್ನೋದು ಸ್ವಲ್ಪ ಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ. ಗುಜರಿಗೆ ಹಾಕೋ ಮೊದಲು ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರ ಹತ್ತಿರ ಎಲ್ಲಿದೆ ಅಂತ ಒಂದು ಸಲ ಹುಡುಕಿ. ಎರಡು ನಿಮಿಷದ ಕೆಲಸ.

ಕೆಜಿಎಫ್‌ನಲ್ಲಿ ನಿಮ್ಮ ತಾತನೋ ಮುತ್ತಾತನೋ ಕೆಲಸ ಮಾಡಿದ್ದರೆ, ಅವರು ಮನೆಯಲ್ಲಿ ಹೇಳ್ತಿದ್ದ ಮಾತು ನೆನಪಿದ್ದರೆ, ನಮಗೆ ಬರೆದು ಕಳಿಸಿ. ಮತ್ತೊಂದು ಕಥೆಯ ಜೊತೆ ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.